ಮಡಕೆಯಿಲ್ಲದ ಪಾರಕ್ಕ

ನಮ್ಮೂರ ರಂಗಮಂದಿರದ ನೆಲದಡಿ ನಲವತ್ತೊಂದು ಮಡಕೆಗಳಿವೆ. ಅವುಗಳ ಬಾಯಿಗೆ ಬಟ್ಟೆ ಕಟ್ಟುವುದು, ಸಡಿಲವಾದರೆ ಬಿಗಿಯುವುದು, ಇಲಿ ಬಾರದಂತೆ ನೋಡಿಕೊಳ್ಳುವುದು, ಆಯಾ ನಟರ ದಿನ ಬಂದಾಗ ಬಟ್ಟೆ ಬಿಚ್ಚಿ ಊರಿಗೆ ಕೇಳಿಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದೇನೆ. ಕೆಳಗೆ ನೆಟ್ಟಗೆ ನಿಲ್ಲಲು ಜಾಗವಿಲ್ಲ. ಬಗ್ಗಿ ಬಗ್ಗಿ ಸೊಂಟ ಕೆಟ್ಟಿದೆ. ಆದರೂ ಈ ಕೆಲಸ ಬಿಡು ಎಂದು ಯಾರಾದರೂ ಅಂದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳಾಡುವಷ್ಟು ಶಕ್ತಿ ಇನ್ನೂ ಇದೆ.

ಚಪ್ಪಾಳೆ ಭಾರದ್ದು, ಹೊಡೆದ ಮೇಲೆ ಕೆಳಗಿಳಿಯುತ್ತದೆ. ಹಾಗಾಗಿ ಹಿಂದೆ ನಾಟಕ ಕಂಪನಿ ಇದ್ದಾಗ ಅದನ್ನು ಹಿಡಿದಿಡಲು ಒಬ್ಬೊಬ್ಬ ನಟನಿಗೆ ಒಂದೊಂದು ಮಡಕೆ ಇಡುತ್ತಿದ್ದರು. ನಟಭಾಸ್ಕರ ವಿರೂಪಾಕ್ಷಪ್ಪನವರದು ಎಲ್ಲಕ್ಕಿಂತ ದೊಡ್ಡದು, ಮದುವೆ ಮನೆಯಲ್ಲಿ ನೀರು ತುಂಬುವ ಹರವಿಯಷ್ಟಿದೆ. ಗಾಯಕ ನಟ ಕಲ್ಲಿನಾಥ ಬುವಾ ಅವರ ಮಡಕೆಯಲ್ಲಿ ಚಪ್ಪಾಳೆಗಿಂತ ‘ಒನ್ಸ್ ಮೋರ್’ ಹೆಚ್ಚು. ಖಳನಾಯಕ ರಾಚೋಟಪ್ಪನವರ ಮಡಕೆಯ ಬಟ್ಟೆ ಬಿಚ್ಚಿದರೆ ಹೆಂಗಸರ ಶಾಪ ಮತ್ತು ಒಂದು ಚಪ್ಪಲಿ ಬಂದು ಬಿದ್ದ ಸದ್ದು ಕೇಳುತ್ತದೆ. ಅವರ ಹೆಂಡತಿ ಇದ್ದಷ್ಟು ದಿನ ಆ ಸದ್ದು ಕೇಳಲೆಂದೇ ಹೊಸ ಸೀರೆ ಉಟ್ಟುಕೊಂಡು ಬರುತ್ತಿದ್ದರು. ಆಮೇಲೆ ಕಂಪನಿ ಮುಚ್ಚಿತು, ಇಪ್ಪತ್ತು ವರ್ಷ ಅದೇ ಕಟ್ಟಡ ಟಾಕೀಸ್ ಆಯಿತು. ನಮ್ಮೂರನ್ನು ಕಣ್ಣಿನಿಂದಲೂ ನೋಡದ ಸಿನಿಮಾದವರಿಗೂ ಮಡಕೆ ಬಂದವು. ದುಃಖದ ಪಾತ್ರಗಳ ನಳಿನಾಕ್ಷಿದೇವಿಯವರ ಮಡಕೆಯಲ್ಲಿ ಬರೀ ಮೂಗು ಸೀಟುವ ಸದ್ದಿದೆ. ಈಗ ನಾಟಕವೂ ಇಲ್ಲ, ಸಿನಿಮಾವೂ ಇಲ್ಲ. ಮಡಕೆಗಳಿವೆ.

ಒಬ್ಬೊಬ್ಬರ ದಿನ ಬಂದಾಗ ಸಂಜೆ ನಾಲ್ಕಕ್ಕೆ ಊರು ಸೇರುತ್ತದೆ. ರಂಗಮಂದಿರದ ಸಮಿತಿಯ ಮಾಸ್ತರರು ನಟರ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ನಾನು ಕೆಳಗಿನಿಂದ ಬಟ್ಟೆ ಬಿಚ್ಚುತ್ತೇನೆ, ಒಂದು ಅರ್ಧ ಕಪ್ ಚಹಾ ಕುಡಿಯುವಷ್ಟು ಹೊತ್ತು ಕೇಳಿಸುತ್ತೇನೆ, ಮತ್ತೆ ಕಟ್ಟುತ್ತೇನೆ. ಜನ ಬರುವುದು ನಟರನ್ನು ನೆನೆಯಲು ಎಂದು ಬೋರ್ಡಿನ ಮೇಲೆ ಬರೆದಿದೆ. ನಿಜ ಹೇಳಬೇಕೆಂದರೆ ಅವರು ಬರುವುದು ತಮ್ಮವರ ಕೈ ಕೇಳಲು. ‘ಅಗೋ, ನಮ್ಮಪ್ಪನ ಸಿಳ್ಳಿ’ ಎಂದು ಎಪ್ಪತ್ತರ ಮುದುಕ ಎದ್ದು ನಿಲ್ಲುತ್ತಾನೆ. ‘ನಮ್ಮ ಅತ್ತಿ ಕೈಬಳಿ ಸಪ್ಪಳ’ ಎಂದು ಇನ್ನೊಬ್ಬಳು ಅಳುತ್ತಾಳೆ, ಅತ್ತೆ ಇದ್ದಾಗ ಒಂದು ದಿನವೂ ಸರಿಯಾಗಿ ಮಾತಾಡಿಸದವಳು. ನಾನು ಕೆಳಗೆ ಕತ್ತಲಲ್ಲಿ ಕೂತು ಇದೆಲ್ಲ ಕೇಳಿಸಿಕೊಳ್ಳುತ್ತೇನೆ. ನನ್ನವರ ಕೈ ಯಾವ ಮಡಕೆಯಲ್ಲೂ ಇರಲಿಲ್ಲ.

ಮಡಕೆ ಇಲ್ಲದ ನಟಿ ಒಬ್ಬಳು ಊರಲ್ಲೇ ಇದ್ದಳು. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ, ಎಂಬತ್ತೊಂದು ವರ್ಷದ ಪಾರಕ್ಕ. ಅವಳ ಹೆಸರು ಬೇರೆ ಏನೋ ಇದೆ, ಊರು ಅದನ್ನು ಯಾವಾಗಲೋ ಮರೆತಿದೆ. ನಾಟಕದಲ್ಲಿ ಮಂಡಕ್ಕಿಯ ಗಿರಮಿಟ್ಟು ಮಾರುವ ಪಾರಿಯ ಪಾತ್ರ ಮಾಡುತ್ತಿದ್ದಳು, ಆ ಹೆಸರೇ ಉಳಿಯಿತು. ಆಮೇಲೆ ಹದಿನಾಲ್ಕು ಸಿನಿಮಾಗಳಲ್ಲೂ ನಟಿಸಿದಳು. ಪಕ್ಕದ ಮನೆಯವಳು, ಅಡುಗೆಯವಳು, ಸೌಟಿನಿಂದ ಗಂಡನನ್ನು ಅಟ್ಟಿಸಿಕೊಂಡು ಹೋಗುವವಳು. ಪರದೆಯ ಮೇಲೆ ಹೆಸರು ಬರುವಾಗ ಅವಳು ಹದಿನಾಲ್ಕು ಸಲವೂ ‘ಮತ್ತು ಇತರರು’ ಎಂಬಲ್ಲಿಯೇ ಇದ್ದಳು.

ಅವಳಿಗೆ ಮಡಕೆ ಯಾಕಿಲ್ಲ ಎಂಬುದಕ್ಕೆ ನಾಟಕದವರ ಒಂದು ಪದ್ಧತಿ ಕಾರಣ. ಅರಮನೆ ಸೀನು ಮುಗಿದು ಕಾಡಿನ ಸೀನು ಬರಬೇಕಾದರೆ ಹಿಂದೆ ಕಂಬ ಕಿತ್ತು ಮರ ನಿಲ್ಲಿಸಬೇಕು. ಅಷ್ಟು ಹೊತ್ತು ಜನ ಸುಮ್ಮನೆ ಕೂರುವುದಿಲ್ಲ. ಅದಕ್ಕೆ ಬೀದಿಯ ಚಿತ್ರ ಬರೆದ ಪರದೆಯನ್ನು ಮುಂದೆ ಬಿಡುತ್ತಿದ್ದರು. ಅದರ ಮುಂದೆ ಉಳಿಯುವ ಮೂರು ಮೊಳ ಜಾಗದಲ್ಲಿ ಹಾಸ್ಯದವರು ಬಂದು ಜನರನ್ನು ನಗಿಸಬೇಕು. ಕೆಳಗೆ ಮಡಕೆಯವನು ಆ ಹೊತ್ತಿನಲ್ಲಿ ಎಲ್ಲ ಮಡಕೆ ಮುಚ್ಚಿ, ಮುಂದಿನ ಸೀನಿನ ಮಡಕೆಗಳನ್ನು ಮುಂದಕ್ಕೆ ಸರಿಸಿಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಒಂದು ಬೀಡಿ ಸೇದಿ ಬರುತ್ತಿದ್ದ. ಆ ಮಡಕೆಯವನು ನನ್ನಪ್ಪ.

ವಿರೂಪಾಕ್ಷಪ್ಪನವರು ತೀರಿಹೋದ ಮೊದಲ ವರ್ಷದ ದಿನ ಪಾರಕ್ಕ ರಂಗಮಂದಿರಕ್ಕೆ ಬಂದಿದ್ದಳಂತೆ. ಎಲ್ಲ ಮುಗಿದ ಮೇಲೆ ಕೆಳಗಿಳಿದು ಅಪ್ಪನನ್ನು ಕೇಳಿದಳಂತೆ, ‘ನಂದೂ ಒಂದೀಟು ಎಲ್ಲ್ಯಾರ ಸಿಕ್ಕೊಂಡಿರಬೇಕಲ್ಲೋ, ನೋಡು’ ಎಂದು. ಅಪ್ಪ, ‘ಹಾಸ್ಯದವ್ರಿಗೆ ಮಡಕಿ ಇಡೂ ಪದ್ಧತಿ ಇಲ್ಲವಾ’ ಎಂದನಂತೆ. ಅವತ್ತಿನಿಂದ ನಲವತ್ತು ವರ್ಷ ಪಾರಕ್ಕ ರಂಗಮಂದಿರವಿರುವ ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ. ಸಂತೆಗೆ ಹೋಗಬೇಕಾದರೂ ದನದ ದೊಡ್ಡಿಯ ಹಿಂದಿನ ಸುತ್ತುದಾರಿಯಲ್ಲಿ ಹೋಗುತ್ತಿದ್ದಳು. ಮೊಣಕಾಲು ನೋವಿದ್ದರೂ ಅಷ್ಟೆ.

ಈ ವರ್ಷ ವಿರೂಪಾಕ್ಷಪ್ಪನವರ ನೂರನೆಯ ಹುಟ್ಟುಹಬ್ಬ. ಸಮಿತಿಯ ಅಧ್ಯಕ್ಷರಾದ ಅಡಿವೆಪ್ಪ ಮಾಸ್ತರರು ಶಾಲೆಯಿಂದ ನಿವೃತ್ತರಾಗಿ ಹದಿನೆಂಟು ವರ್ಷವಾದರೂ ಊರೆಲ್ಲ ತಮ್ಮ ಕ್ಲಾಸು ಎಂದೇ ತಿಳಿದಿದ್ದಾರೆ. ಮಳೆಗಾಲದ ಮೊದಲೇ ಹಬ್ಬ ಆಗಬೇಕು, ಅದಕ್ಕೂ ಮೊದಲು ಮಾಡು ಸೋರದಂತೆ ಹೆಂಚು ಕೈಯಾಡಿಸಬೇಕು ಎಂದು ಅಪ್ಪಣೆ ಮಾಡಿದರು. ಕೈಯಾಡಿಸುವುದೆಂದರೆ ಒಂದೊಂದೇ ಹೆಂಚು ಎತ್ತಿ, ಪಾಚಿ ಕೆರೆದು, ಒಡೆದದ್ದನ್ನು ತೆಗೆದು, ಮತ್ತೆ ಜೋಡಿಸುವುದು. ಮೂರು ವರ್ಷಕ್ಕೊಮ್ಮೆ ಮೌಲಾಸಾಬ ಈ ಕೆಲಸ ಮಾಡುತ್ತಾನೆ, ಅವನಿಗಿಂತ ಮೊದಲು ಅವನ ಅಪ್ಪ ಮಾಡುತ್ತಿದ್ದ. ಇಬ್ಬರೂ ಮಾಡಿನ ಮೇಲೆ ಕೂತು ಒಬ್ಬೊಬ್ಬರೇ ನಗುವವರು. ಅವನ ಅಪ್ಪನ ಕಾಲದಿಂದಲೂ ಊರು ಅವರ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿತ್ತು.

ಆ ದಿನ ಮಾಸ್ತರರು ಕೆಳಗಿನಿಂದಲೇ ಕೂಗಿದರು: “ಏ ಮೌಲಾಸಾಬ, ಹಗಲಹೊತ್ತಿನ್ಯಾಗ ಕುಡದು ಮಾಡಿನ ಮ್ಯಾಲೆ ಹತ್ತೂದಂದ್ರ ಏನು? ಬಿದ್ದು ಸತ್ರ ಯಾರು ಜವಾಬ್ದಾರಿ?”

ಮೌಲಾಸಾಬ ತಲೆ ತಗ್ಗಿಸಿ ಕೆಳಗಿಳಿದ. ಮಾಸ್ತರರು ಹೋದ ಮೇಲೆ ನನ್ನ ಹತ್ತಿರ ಬಂದು ಬಾಯಿ ತೆಗೆದು, “ನೋಡ್ರಿ ಅಕ್ಕಾರ, ವಾಸನಿ ಬರ್ತೈತೇನು? ಜನ್ಮದಾಗ ಮುಟ್ಟಿಲ್ಲ. ನೀವs ಒಮ್ಮಿ ಮ್ಯಾಲೆ ಬರ್ರಿ” ಎಂದ.

ಇಂಥ ಸೊಂಟದ ನಾನು ಏಣಿ ಹತ್ತುವುದನ್ನು ನೋಡಿದ್ದರೆ ಮಾಸ್ತರರು ನನ್ನ ಬಗ್ಗೆಯೂ ಅದೇ ಮಾತು ಅನ್ನುತ್ತಿದ್ದರು. ಹತ್ತಿದೆ. ಮೌಲಾಸಾಬ ಒಂದು ಹೆಂಚನ್ನು ಮೆಲ್ಲಗೆ ಎತ್ತಿದ. ಅದರ ಕೆಳಗಿನಿಂದ ಒಂದು ನಗು ಎದ್ದು ಬಂದು ನನ್ನ ಕಿವಿಯ ಪಕ್ಕದಲ್ಲೇ ಹಾದು ಹೋಯಿತು. ಗಂಡಸಿನ ನಗು, ಹೊಟ್ಟೆ ತುಂಬ ನಕ್ಕದ್ದು. ನನಗೂ ನಗು ತಡೆಯಲಾಗಲಿಲ್ಲ.

“ಚಪ್ಪಾಳಿ ಕೆಳಗ ಇಳೀತೈತಿ, ನಗು ಹಗೂರ ನೋಡ್ರಿ, ಮ್ಯಾಲೆ ಏರ್ತೈತಿ” ಎಂದ ಮೌಲಾಸಾಬ. “ನಮ್ಮಪ್ಪ ಹೇಳತಿದ್ದ. ಯಾರಿಗಿ ಹೇಳಿದ್ರೂ ಕುಡದಾನ ಅಂತಾರ ಅಂತ ಬಿಟ್ಟಿದ್ದ. ಆದ್ರ ಒಂದು ಐತ್ರಿ. ಒಮ್ಮಿ ಎದ್ದು ಹೋತಂದ್ರ ಹೋತು. ಮಡಕ್ಯಾಗಿನಂಗ ತಿರುಗಿ ಮುಚ್ಚಾಕ ಬರೂದಿಲ್ಲ. ಎಡಗಡೆ ಗಂಡಸರದು ಮುಗೀತು, ಇದs ಕಡೀದು. ಬಲಗಡೆ, ಹೆಂಗಸರು ಕುಂದರತಿದ್ರಲ್ಲ, ಆ ಕಡೆ ಸೋರತಿದ್ದಿಲ್ಲಂತ ನಾವ್ಯಾರೂ ಮುಟ್ಟಿಲ್ಲ. ಈ ವರ್ಷ ಮುಟ್ಟಬೇಕು.”

ಸುಮ್ಮನೆ ಕುತೂಹಲಕ್ಕೆ ನಾನು ಬಲಗಡೆಗೆ ಜರುಗಿ, ಕಂಬದ ಮೇಲ್ಭಾಗದ ಒಂದು ಹೆಂಚಿನ ಅಂಚನ್ನು ಬೆರಳಷ್ಟು ಎತ್ತಿದೆ. ಹತ್ತು ಹೆಂಗಸರ ನಗು ಬಂತು. ಆ ಹತ್ತರ ಹಿಂದೆ ಇನ್ನೊಂದು ಬಂತು. ತಡೆದು ತಡೆದು ಸುರುವಾಗಿ, ತಡೆಯಲಾಗದೆ ಜೋರಾಗಿ, ಕೊನೆಗೆ ಒಂದು ಬಿಕ್ಕಳಿಕೆಯಲ್ಲಿ ನಿಂತಿತು. ನಾನು ಹೆಂಚು ಬಿಟ್ಟುಬಿಟ್ಟೆ. ಅದು ನನ್ನವ್ವ.

ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡಿಲ್ಲ. ಅವಳ ಅತ್ತೆ, ಎಂದರೆ ನನ್ನ ಅಜ್ಜಿ, ಅಡುಗೆಮನೆಯಲ್ಲಿ ನಗು ಕೇಳಿದರೆ ಹೊರಗಿನಿಂದ ತಂಬಿಗೆ ಕುಕ್ಕುತ್ತಿದ್ದಳು. ಆದರೆ ಕಂಪನಿಯ ಆಳುಗಳ ಮನೆಯವರಿಗೆ ಶನಿವಾರದ ಸಂಜೆಯ ಆಟ ಬಿಟ್ಟಿ. ಅವ್ವ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು, ಬಲಗಡೆ ಕಂಬದ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ ಕೂರುತ್ತಿದ್ದಳು. ಪಾರಿ ಬಂದಾಗ ಅವಳ ಮೈಯೆಲ್ಲ ಕುಲುಕುತ್ತಿತ್ತು. ನಗು ಮುಗಿದ ಮೇಲೆ ನನ್ನ ತೊಡೆ ಚಿವುಟಿ, ‘ಮನ್ಯಾಗ ಹೇಳಬ್ಯಾಡ’ ಎನ್ನುತ್ತಿದ್ದಳು. ನಾನು ಹೇಳಲಿಲ್ಲ. ಹೇಳದೆ ಹೇಳದೆ ಕಡೆಗೆ ನಾನೇ ಮರೆತಿದ್ದೆ.

ಮುಂದಿನ ಮೂರು ದಿನ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಬಲಗಡೆಯ ಹೆಂಚು ಗಟ್ಟಿಯಾಗಿವೆ, ಮುಟ್ಟುವುದು ಬೇಡ ಎಂದು ಮಾಸ್ತರರಿಗೆ ಸುಳ್ಳು ಹೇಳಿದೆ. ಎಡಗಡೆಯನ್ನೇ ಇನ್ನೊಂದು ಸಲ ನೋಡು ಎಂದು ಮೌಲಾಸಾಬನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ ಎಡಗಡೆಗೆ ಹೋದ. ದಿನಾ ಮಧ್ಯಾಹ್ನ ಊಟ ಬಿಟ್ಟು ಏಣಿ ಹತ್ತಿ, ಅದೇ ಹೆಂಚನ್ನು ಬೆರಳಷ್ಟು ಎತ್ತಿ ಕಿವಿ ಇಡುತ್ತಿದ್ದೆ. ಎರಡನೆಯ ದಿನ ಉಳಿದ ಹೆಂಗಸರ ನಗು ಇರಲಿಲ್ಲ, ಅವ್ವನದಷ್ಟೆ ಇತ್ತು. ಮೂರನೆಯ ದಿನ ಆ ಹೆಂಚಿನ ಕೆಳಗೆ ಉಳಿದದ್ದು ಬರೀ ಬಿಕ್ಕಳಿಕೆ. ಪಕ್ಕದ ಹೆಂಚಿಗೆ ಕೈ ಹಾಕಿದೆ.

“ಅಕ್ಕಾರ” ಎಂದ ಮೌಲಾಸಾಬ, ಅಲ್ಲೇ ಪಾಚಿ ಕೆರೆಯುತ್ತ, ನನ್ನ ಕಡೆ ನೋಡದೆ. “ಅದು ನಿಮ್ಮವ್ವಂದಷ್ಟs ಅಲ್ರಿ. ನಗಿಸಿದಾಕಿ ಇನ್ನಾ ಜೀವಂತ ಅದಾಳ.”

ಕೈ ಹಿಂದೆ ತೆಗೆದೆ. ಸಿಟ್ಟು ಬಂತು, ಅವನ ಮೇಲಲ್ಲ. ನಲವತ್ತು ವರ್ಷ ತನಗೆ ಯಾರೂ ಏನೂ ಕೊಟ್ಟಿಲ್ಲ ಎಂದು ಸುತ್ತುದಾರಿಯಲ್ಲಿ ಕುಂಟುತ್ತ ಹೋಗುವ ಒಬ್ಬ ಮುದುಕಿಯ ಗಂಟನ್ನು ನಾನು ದಿನಾ ಮಧ್ಯಾಹ್ನ ಬಿಚ್ಚಿ ತಿನ್ನುತ್ತಿದ್ದೆ. ಇಳಿದವಳೇ ಹಿಟ್ಟಿನ ಗಿರಣಿಯ ದಾರಿ ಹಿಡಿದೆ.

ಪಾರಕ್ಕ ಹೊಸ್ತಿಲ ಮೇಲೆ ಕೂತು ಮಂಡಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮೊರವನ್ನು ಪಕ್ಕಕ್ಕಿಟ್ಟಳು. “ಮಡಕಿ ನೀಲವ್ವ ಬಂದ್ಲು. ಯಾರು ಸತ್ರು?”

“ಯಾರೂ ಸತ್ತಿಲ್ರಿ ಪಾರಕ್ಕಾರ. ನಿಮ್ಮದು ಸಿಕ್ಕೈತಿ.”

“ನಂದೇನು? ಸೆರಗು ಕಳದಿತ್ತೇನು ನಿಮ್ಮ ಥೇಟರದಾಗ?”

ಹೆಂಚಿನ ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿದಳು. ಮತ್ತೆ ಮೊರ ತೊಡೆಯ ಮೇಲೆ ಎಳೆದುಕೊಂಡಳು.

“ನಕ್ಕಿರಬೇಕು. ನಗೂದಕ್ಕೇನು, ಯಾರರ ಜಾರಿ ಬಿದ್ರೂ ನಗತಾರ. ಚಪ್ಪಾಳಿ ಬ್ಯಾರೆ. ಚಪ್ಪಾಳಿ ಹೊಡೀಬೇಕಂದ್ರ ಎರಡು ಕೈ ಎತ್ತಬೇಕು, ಮನಸ್ಸು ಬೇಕು. ನನಗ ಹೊಡದಿದ್ರೂ ಕೂಡಿಡಾವರು ಯಾರಿದ್ರು? ನಿಮ್ಮಪ್ಪ ಬೀಡಿ ಸೇದಾಕ ಹೋಗತಿದ್ದ. ನನಗ ಗೊತ್ತಿಲ್ಲಂತ ಮಾಡೀಯೇನು? ಪರದೆ ಮುಂದ ನಿಂತು ಮಾತಾಡಬೇಕಾದ್ರ ಹಿಂದಿನ ಬಾಗಲಾಗಿಂದ ಬೀಡಿ ವಾಸನಿ ನನ್ನ ಮೂಗಿಗೆ ಬರತಿತ್ತು.”

“ತಪ್ಪಾಗೇತ್ರಿ. ಅಪ್ಪಂದೂ ಆತು, ನಂದೂ ಆತು” ಎಂದು ಮೂರು ದಿನದ ಕಳ್ಳತನ ಒಪ್ಪಿಕೊಂಡೆ. ಅವ್ವನ ವಿಷಯವನ್ನೂ ಹೇಳಿದೆ. “ಮನ್ಯಾಗ ಒಂದಿನ ನಕ್ಕಾಕಿ ಅಲ್ರಿ ನಮ್ಮವ್ವ. ನಿಮ್ಮ ಮುಂದಷ್ಟ ನಕ್ಕಾಳ.”

ಪಾರಕ್ಕನ ಬೆರಳು ಮಂಡಕ್ಕಿಯಲ್ಲಿ ನಿಂತಿತು. ಕೇಳಿದಳು, “ಯಾವ ಮಾತಿಗೆ ನಕ್ಕಳು?”

“ರಾಜಂದು ಕಿರೀಟದ ಮಾತಿಗೆ.”

“ಸುಳ್ಳು.” ಅವಳ ಬೆನ್ನು ನೆಟ್ಟಗಾಯಿತು. “ಕಿರೀಟದ ಮಾತಿಗೆ ಹೆಂಗಸರು ನಗೂದಿಲ್ಲ. ಅಲ್ಲಿ ಗಂಡಸರದು ಬರತಿತ್ತು. ಹೆಂಗಸರದು ಅದರ ಮುಂದಿನ ಮಾತಿಗೆ. ನೀ ಸಣ್ಣಾಕಿ ಇದ್ದಿ, ನಿನಗ ನೆನಪಿಲ್ಲ.”

“ನನಗ ಚಿವುಟಿದ್ದು ನೆನಪೈತ್ರಿ. ಕಿರೀಟದ ಮಾತಿಗೇ.”

“ಅಲ್ಲs ಅಲ್ಲ. ನಾ ಮುನ್ನೂರು ಸಲ ಆಡೇನಿ ಆ ಸೀನು!”

“ಹಂಗಾದ್ರ ಬಂದು ಕೇಳ್ರಿ. ಯಾರದು ಖರೇ ಅಂತ ಗೊತ್ತಾಗ್ಲಿ.”

ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಬೇಕೆಂದೇ ಕೆಣಕುತ್ತಿದ್ದೇನೆ ಎಂದು ಅವಳಿಗೆ ತಿಳಿದಿತ್ತು. ಅರವತ್ತು ವರ್ಷ ಜನರನ್ನು ಕೆಣಕಿ ಬದುಕಿದವಳಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಆದರೂ ಗೋಡೆ ಹಿಡಿದು ಎದ್ದಳು. “ನಾಳೆ ನಾಕ ಗಂಟೆಕ್ಕ ಬರ್ತೀನಿ. ಬೀದಿ ಪರದೆ ಇದ್ರ ಇಳಿಬಿಡ್ರಿ. ಬರೇ ಗ್ವಾಡಿ ಮುಂದ ನಾ ನಿಂದರೂದಿಲ್ಲ” ಎಂದಳು.

ಮಾಸ್ತರರಿಗೆ ಎಲ್ಲ ಹೇಳಿ ಬೈಸಿಕೊಂಡೆ. ಸಮಿತಿಯ ಸಭೆ ಆಗದೆ ಹೆಂಚು ಎತ್ತುವಂತಿಲ್ಲ, ಇಷ್ಟು ದೊಡ್ಡ ಸಂಗತಿಯನ್ನು ವಿರೂಪಾಕ್ಷಪ್ಪನವರ ನೂರನೆಯ ಹಬ್ಬದ ದಿನವೇ ಇಟ್ಟುಕೊಳ್ಳಬೇಕು ಎಂದರು. ನನಗೆ ರೇಗಿತು. “ಮಾಸ್ತರ, ಅವರ ಹಬ್ಬದಾಗ ಈಕಿ ಮತ್ತ ಸೀನು ಬದಲ ಮಾಡೂತನಾ ಹೊತ್ತು ಕಳಿಯಾಕ ಬರಬೇಕೇನ್ರಿ?” ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ, ಬೀದಿ ಪರದೆ ಅಟ್ಟದ ಮೇಲೆ ಇರಬೇಕು, ಹುಳ ಹಿಡಿಯದಿದ್ದರೆ ಪುಣ್ಯ ಎಂದು ಹೇಳಿ ತಾವೇ ಅಟ್ಟ ಹತ್ತಿದರು.

ಮರುದಿನ ನಾಲ್ಕು ಹೊಡೆಯುವಷ್ಟರಲ್ಲಿ ಸಭಾಂಗಣ ಅರ್ಧ ತುಂಬಿತ್ತು. ಯಾರಿಗೂ ಹೇಳಿ ಕಳಿಸಿರಲಿಲ್ಲ, ಆದರೆ ಪಾರಕ್ಕ ನಲವತ್ತು ವರ್ಷದ ಮೇಲೆ ನಮ್ಮ ಬೀದಿಯಲ್ಲಿ ನಡೆದು ಬಂದದ್ದೇ ದೊಡ್ಡ ಸುದ್ದಿಯಾಗಿತ್ತು. ಕೆಂಪು ಅಂಚಿನ ಹಸಿರು ಸೀರೆ ಉಟ್ಟು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಮಾಸ್ತರರು ಕುರ್ಚಿ ತಂದರು. “ಪಾರಿ ಕುಂತು ಮಾತಾಡಾಕಿ ಅಲ್ರಿ” ಎಂದು ಅದನ್ನು ವಾಪಸು ಕಳಿಸಿದಳು. ಅಲ್ಲಲ್ಲಿ ಹುಳ ತಿಂದ ಬೀದಿ ಪರದೆಯ ಮುಂದೆ, ಸರಿಯಾಗಿ ಮೂರು ಮೊಳ ಜಾಗದಲ್ಲಿ ನಿಂತಳು. ನಾನು ಮೊದಲ ಸಲ ನೆಲದಡಿ ಇಳಿಯದೆ ಮೇಲೆಯೇ ಉಳಿದೆ, ಬಲಗಡೆ ಹೆಂಗಸರ ಜಾಗದಲ್ಲಿ ಕೂತೆ.

ಮೌಲಾಸಾಬ ಮೇಲಿನಿಂದ ಮೊದಲ ಹೆಂಚು ಎತ್ತಿದ. ಒಂದಿಪ್ಪತ್ತು ಹೆಂಗಸರ ನಗು ಸಭಾಂಗಣದ ತುಂಬ ಕೇಳಿಸಿ, ಬೆಳಕು ಬಿದ್ದ ಕಂಡಿಯಿಂದ ಹೊರಗೆ ಹೋಯಿತು. ಜನ ಕತ್ತೆತ್ತಿದರು. ಪಾರಕ್ಕ ತಲೆ ಓರೆ ಮಾಡಿ ಕೇಳಿದಳು.

“ಇದು ಅತ್ತಿ ಬಾವಿಗೆ ಬಿದ್ದ ಮಾತಿಂದು” ಎಂದಳು, ಮಗ್ಗಿ ಹೇಳಿದಷ್ಟು ಸಲೀಸಾಗಿ. “ಏ ತಮ್ಮಾ, ನಗು ಮೊದ್ಲ ಬಿಟ್ರ ಹೆಂಗೋ? ನಾ ಮಾತು ಹೇಳಿದ ಮ್ಯಾಲೆ ಎತ್ತು. ಎಣಿಸಿ ಎತ್ತು. ಒಂದು, ಎರಡು, ಆಮ್ಯಾಲೆ.”

ಮೇಲಿನಿಂದ ಮೌಲಾಸಾಬ, “ಆತ್ರಿ ಯವ್ವಾ” ಎಂದ.

ಅವಳು ಸುರು ಮಾಡಿದಳು. ಎಂಬತ್ತೊಂದು ವರ್ಷದ ಮುದುಕಿಯ ದನಿ ಎಲ್ಲಿ ಹೋಯಿತೋ ಗೊತ್ತಿಲ್ಲ. “ನಮ್ಮ ಅತ್ತಿ ಬಾವಿಗೆ ಬಿದ್ಲು ಅಂತ ಊರs ಓಡಿ ಬಂತು. ನಾ ಓಡಲಿಲ್ಲ. ಯಾಕಂದ್ರ, ಬಾವಿ ಮ್ಯಾಲೆ ನನಗ ಕನಿಕರ ಬಂತು.” ಒಂದು, ಎರಡು. ಹೆಂಚು ಎದ್ದಿತು. ಅರ್ಧ ಶತಮಾನದ ಹಿಂದಿನ ಸೊಸೆಯರು ಮೇಲಿನಿಂದ ನಕ್ಕರು, ಕೆಳಗೆ ಕೂತ ಈಗಿನ ಸೊಸೆಯರೂ ನಕ್ಕರು, ಎರಡೂ ಬೆರೆತು ಯಾವುದು ಯಾರದೆಂದು ತಿಳಿಯಲಿಲ್ಲ. ಮೌಲಾಸಾಬ ಹೆಂಚು ಮತ್ತೆ ಹೊಚ್ಚಿ ಪಕ್ಕದ್ದಕ್ಕೆ ಜರುಗಿದ. ಹೀಗೇ ಸಾಲಿನಿಂದ ಸಾಲಿಗೆ ನಡೆಯಿತು. ಒಂದು ಕಡೆ ಬರೀ ಬಾಯಿಗೆ ಸೆರಗು ಒತ್ತಿಕೊಂಡ ನಗು ಬಂತು. “ಇದು ಆಟದ ಮೊದಲನೇ ದಿನದ್ದು, ಇನ್ನಾ ನಾಚಿಕಿ ಇತ್ತು ಇವ್ರಿಗೆ” ಎಂದಳು. ಜನರ ನಡುವಿನಿಂದ ಯಾರೋ, “ಅದು ನಮ್ಮ ದೊಡ್ಡವ್ವ” ಎಂದು ಕೂಗಿದರು.

ಕಂಬದ ಮೇಲಿನ ನಾಲ್ಕು ಹೆಂಚುಗಳು ಕಡೆಗೆ ಉಳಿದವು. ಅವನ್ನು ಬೇಕೆಂದೇ ಕಡೆಗೆ ಇಟ್ಟಿದ್ದಾನೆ ಎಂದು ಗೊತ್ತಾಯಿತು. ಮೌಲಾಸಾಬ ಕಂಡಿಯಿಂದ ಬಗ್ಗಿ ನನ್ನನ್ನೇ ನೋಡುತ್ತಿದ್ದ. ಬೇಡ ಎಂದು ನಾನು ತಲೆಯಾಡಿಸಿದ್ದರೆ ಅವನು ಬಿಟ್ಟುಬಿಡುತ್ತಿದ್ದ. ಆ ನಾಲ್ಕು ಹೆಂಚು ನನ್ನವಾಗಿ ಉಳಿಯುತ್ತಿದ್ದವು, ಬೇಕಾದಾಗ ಬೆರಳಷ್ಟು ಎತ್ತಿ ಇನ್ನೂ ಕೆಲವು ದಿನ ಬದುಕಬಹುದಿತ್ತು. ಎತ್ತು ಎಂದು ಕೈ ಮಾಡಿದೆ.

ಪಾರಕ್ಕ ಕಿರೀಟದ ಮಾತಿಗೆ ಬಂದಿದ್ದಳು. ಬೀದಿಯಲ್ಲಿ ರಾಜನ ಮೆರವಣಿಗೆ ಬರುತ್ತಿದೆ, ಎಲ್ಲರೂ ಅಡ್ಡಬಿದ್ದಿದ್ದಾರೆ, ಪಾರಿಯೊಬ್ಬಳೇ ಗಿರಮಿಟ್ಟಿನ ಬುಟ್ಟಿ ಹಿಡಿದು ನಿಂತಿದ್ದಾಳೆ. “ಮಹಾರಾಜರs, ತಿಂದು ಹೋಗ್ರಿ, ಬಿಸಿ ಐತಿ. ಕಟ್ಟಿ ಕೊಡಾಕ ಕಾಗದ ಮುಗದಾವ. ಆ ಕಿರೀಟ ಒಂದೀಟು ಬೋರಲ ಹಿಡೀರಿ, ಅದರಾಗs ಹಾಕ್ತೀನಿ!”

ಒಂದು, ಎರಡು. ಹೆಂಚು ಎದ್ದಿತು. ನಾನು ಹೇಳಿದಂತೆ ಕಿರೀಟದ ಮಾತಿಗೇ ಹೆಂಗಸರು ನಕ್ಕರು, ನಕ್ಕು ನಿಲ್ಲಿಸಿದರು. ಪಾರಕ್ಕ ಮುಂದಿನ ಮಾತಿಗೆ ಬಾಯಿ ತೆರೆದಳು. ಆಗ, ಎಲ್ಲರ ನಗು ಮುಗಿದ ಮೇಲೆ, ಆ ಇನ್ನೊಂದು ನಗು ಬಂತು. ತಡೆದು ತಡೆದು ಸುರುವಾಗಿ, ಜೋರಾಗಿ, ಬಿಕ್ಕಳಿಸಿ.

ಪಾರಕ್ಕ ತೆರೆದ ಬಾಯಿ ಹಾಗೇ ನಿಲ್ಲಿಸಿದಳು. ಮುಖ ಎತ್ತಿ ಮಾಡು ನೋಡಿದಳು. “ಈಕಿ!” ಎಂದಳು. “ಈಕಿನ್ನ ನಾ ಬಲ್ಲೆ! ಕಂಬದ ಹಿಂದಿನಾಕಿ. ತಡಾ ಮಾಡಿ ನಗಾಕಿ!” ಅವಳ ದನಿ ಪಾರಿಯದಲ್ಲ, ಅವಳದೇ ಆಗಿತ್ತು. “ಶನಿವಾರಕ್ಕೊಮ್ಮಿ ಬರತಿದ್ಲು. ಎಲ್ಲಾರೂ ನಕ್ಕು ಮುಗಿಸಿದ ಮ್ಯಾಲೆ ಸುರು ಮಾಡಾಕಿ. ಈಕಿ ನಕ್ಕು ಮುಗಿಸೂತನಾ ನಾ ಮುಂದಿನ ಮಾತು ಆಡತಿದ್ದಿಲ್ಲ. ಸೀನು ಉದ್ದ ಆಗತೈತಿ ಅಂತ ಮ್ಯಾನೇಜರ ಬೈತಿದ್ದ, ಬೈಲಿ ಅಂತಿದ್ದೆ. ಮುಖ ಒಂದಿನ ಕಂಡಿಲ್ಲ ನೋಡು. ಆಮ್ಯಾಲೆ ಒಂದು ಶನಿವಾರ ಬರಲಿಲ್ಲ. ಮುಂದಿನ ಶನಿವಾರನೂ ಬರಲಿಲ್ಲ. ನಾ ಕಾದೆ. ನನ್ನ ಆಟ ಸಪ್ಪಗಾತು, ಅದಕ್ಕs ಬಿಟ್ಲು ಅನ್ಕೊಂಡೆ.”

ನಾನು ಎದ್ದು ನಿಂತೆ. “ಸಪ್ಪಗಾಗಿ ಬಿಟ್ಟಿಲ್ರಿ. ತೀರಿಕೊಂಡ್ಲು. ನಮ್ಮವ್ವ.”

ಪಾರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು, ಬಣ್ಣ ಹಚ್ಚಿರದಿದ್ದರೂ ಬಣ್ಣ ಕೆಡಬಾರದೆಂಬಂತೆ ಮೆಲ್ಲಗೆ. “ನಲವತ್ತೈದು ವರ್ಷ ಆಕಿ ಮ್ಯಾಲೆ ಸಿಟ್ಟು ಇಟ್ಕೊಂಡಿದ್ನಲ್ಲವಾ” ಎಂದಳು. “ಹೆಸರೇನು ಆಕಿದು?”

“ಕಾಶವ್ವ.”

“ಕಾಶವ್ವ” ಎಂದಳು, ಮೇಲಕ್ಕೆ ನೋಡಿ. ಕಂಡಿಯಲ್ಲಿ ಈಗ ಬರೀ ಆಕಾಶವಿತ್ತು. ಇನ್ನು ಅಲ್ಲಿ ಏನೂ ಉಳಿದಿಲ್ಲ ಎಂದು ನನಗೆ ತಿಳಿಯಿತು. ದುಃಖವಾಯಿತು. ಆದರೆ ಅವ್ವನನ್ನು ಬಲ್ಲವಳು ಒಬ್ಬಳು ಇಷ್ಟು ವರ್ಷ ಹಿಟ್ಟಿನ ಗಿರಣಿಯ ಹಿಂದೆಯೇ ಇದ್ದಳು ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು.

“ಏ ತಮ್ಮಾ, ಹೆಂಚು ಹೊಚ್ಚು!” ಪಾರಕ್ಕ ಕೂಗಿದಳು. “ಇವ್ರು ನಗೂದೆಲ್ಲಾ ಹೊರಗ ಹೋಗಾಕ ಹತ್ತೈತಿ.”

ಮೌಲಾಸಾಬ ಹೊಚ್ಚಿದ. ಕಂಡಿಯ ಬೆಳಕು ಹೋಯಿತು. ಅವಳು ಸೆರಗು ಮತ್ತೊಮ್ಮೆ ಬಿಗಿದು, ಇಲ್ಲದ ಬುಟ್ಟಿಯನ್ನು ಸೊಂಟಕ್ಕೇರಿಸಿ, ಕಿರೀಟದ ಮಾತನ್ನು ಇನ್ನೊಮ್ಮೆ ಹೇಳಿದಳು. ಊರೆಲ್ಲ ನಕ್ಕಿತು. ಅಡಿವೆಪ್ಪ ಮಾಸ್ತರರು ಕನ್ನಡಕ ಕೈಯಲ್ಲಿ ಹಿಡಿದು ನಕ್ಕರು. ನನಗೆ ಅಳು ಬರುತ್ತಿತ್ತು, ನಗಲು ಆಗಲಿಲ್ಲ. ಒಬ್ಬೊಬ್ಬರದೇ ನಗು ಮುಗಿಯಿತು. ಪಾರಕ್ಕ ಮುಂದಿನ ಮಾತು ಹೇಳಲಿಲ್ಲ. ಬಲಗಡೆಗೆ ತಿರುಗಿ, ನನ್ನ ಕಡೆ ನೋಡುತ್ತ, ನಾನು ನಗುವವರೆಗೆ ಹಾಗೇ ಕಾದು ನಿಂತಳು.